ಪೊಟ್ಟಣ ಲ್ಯಾಬಿಗೆ ಹೋದ ಮೇಲೆ: ಡ್ರಗ್ಸ್ ಪರೀಕ್ಷೆ ಕುರಿತ ಹತ್ತು ತಪ್ಪು ಕಲ್ಪನೆಗಳು

ದೆಹಲಿಯ ಮುಖರ್ಜಿ ನಗರ ಠಾಣೆಯ ವ್ಯಾಪ್ತಿಯಲ್ಲಿ ಯಾರದೋ ಚೀಲದಲ್ಲಿ ಪುಡಿಯ ಪೊಟ್ಟಣವೊಂದು ಸಿಕ್ಕಿತು ಎಂದಿಟ್ಟುಕೊಳ್ಳೋಣ. ಪೊಲೀಸರು ಅದನ್ನು ತೂಗಿ, ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತುತ್ತಾರೆ. ಅಲ್ಲಿಯವರ ಮಾತಿನಲ್ಲಿ ಅದು ‘ಪುಲಂದಾ’. ಅದು ಠಾಣೆಯಲ್ಲಿ ಜಪ್ತಿ ಮಾಲು ಇಡುವ ಮಾಲ್‌ಖಾನೆ ಸೇರುತ್ತದೆ. ಮ್ಯಾಜಿಸ್ಟ್ರೇಟರ ಎದುರು ಅದರಿಂದ ಮಾದರಿ ತೆಗೆದ ಮೇಲೆ ಆ ಮಾದರಿ ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ರೋಹಿಣಿಯಲ್ಲಿರುವ ದೆಹಲಿ ಸರ್ಕಾರದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗುತ್ತದೆ. ಕಸ್ಟಮ್ಸ್ ಅಥವಾ ಕೇಂದ್ರದ ಮಾದಕ ವಸ್ತು ನಿಯಂತ್ರಣ ದಳ (ಎನ್‌ಸಿಬಿ) ಹಿಡಿದ ಮಾಲಾದರೆ ಸಾಮಾನ್ಯವಾಗಿ ಪೂಸಾದಲ್ಲಿರುವ ಕೇಂದ್ರ ಕಂದಾಯ ನಿಯಂತ್ರಣ ಪ್ರಯೋಗಾಲಯಕ್ಕೆ. ಬೆಂಗಳೂರಿನಲ್ಲಿ ಸಿಕ್ಕಿದ್ದರೆ ಮಡಿವಾಳದ ಎಫ್‌ಎಸ್‌ಎಲ್‌ಗೆ.

ಆ ಕಟ್ಟಡಗಳ ಒಳಗೆ ಏನು ನಡೆಯುತ್ತದೆ ಎಂಬುದರ ಬಗ್ಗೆ ನಮಗಿರುವ ತಿಳಿವಳಿಕೆ ಬಹುಪಾಲು ಸಿನಿಮಾದಿಂದ ಬಂದದ್ದು. ಅದೇ ಮುಖರ್ಜಿ ನಗರದ ಬತ್ರಾ ಚಿತ್ರಮಂದಿರದ ಸುತ್ತಲಿನ ಕೋಚಿಂಗ್ ತರಗತಿಗಳಲ್ಲಿ, ಪಕ್ಕದ ನೆಹರೂ ವಿಹಾರದ ಓದುಕೋಣೆಗಳಲ್ಲಿ ಕುಳಿತ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಗಳೂ ಇದಕ್ಕೆ ಹೊರತಲ್ಲ. ಅವರಲ್ಲಿ ಕರ್ನಾಟಕದಿಂದ ಹೋದ ಹುಡುಗ ಹುಡುಗಿಯರೂ ಇದ್ದಾರೆ. ನಾಳೆ ಐಪಿಎಸ್, ಕಸ್ಟಮ್ಸ್, ಎನ್‌ಸಿಬಿ ಹುದ್ದೆಗಳಲ್ಲಿ ಕುಳಿತು ಇಂಥ ಪೊಟ್ಟಣಗಳ ಕಾಗದಕ್ಕೆ ಸಹಿ ಹಾಕುವವರು ಇವರೇ ಆದ್ದರಿಂದ ಈ ವಿಷಯ ಸರಿಯಾಗಿ ಗೊತ್ತಿರುವುದು ಒಳ್ಳೆಯದು.

1. ತಪ್ಪು ಕಲ್ಪನೆ: ಅನುಭವಿ ಅಧಿಕಾರಿ ನಾಲಿಗೆಗೆ ತಾಗಿಸಿ ನೋಡಿಯೇ ಹೇಳಬಲ್ಲ.

ವಾಸ್ತವ: ಇದು ತೆರೆಯ ಮೇಲೆ ಮಾತ್ರ ನಡೆಯುವ ಕೆಲಸ. ಬಿಳಿ ಪುಡಿಗಳಲ್ಲಿ ನೂರು ಬಗೆ. ನಾಲಿಗೆ ಮರಗಟ್ಟಿತು ಎಂದ ಮಾತ್ರಕ್ಕೆ ಅದು ಕೊಕೇನ್ ಅಲ್ಲ. ಹಲ್ಲಿನ ಡಾಕ್ಟರ್ ಕೊಡುವ ಲಿಡೊಕೇನ್ ಕೂಡ ಮರಗಟ್ಟಿಸುತ್ತದೆ. ಪುಡಿಯಲ್ಲಿ ಫೆಂಟನಿಲ್ ಇದ್ದರೆ ಎರಡು ಮಿಲಿಗ್ರಾಂ ಕೂಡ ಪ್ರಾಣಕ್ಕೆ ಎರವಾಗಬಹುದು. ಲ್ಯಾಬಿನಲ್ಲಿ ಕೈಗವಸು ಹಾಕದೆ ಯಾರೂ ಪೊಟ್ಟಣ ಬಿಚ್ಚುವುದಿಲ್ಲ.

2. ತಪ್ಪು ಕಲ್ಪನೆ: ಕಿಟ್‌ನಲ್ಲಿ ಬಣ್ಣ ಬದಲಾಯಿತೆಂದರೆ ಡ್ರಗ್ಸ್ ಎಂದು ಸಾಬೀತಾದಂತೆ.

ವಾಸ್ತವ: ದಾಳಿ ನಡೆದ ಜಾಗದಲ್ಲಿ ಬಳಸುವ ಕಿಟ್ ಒಂದು ಅನುಮಾನವನ್ನಷ್ಟೇ ಕೊಡುತ್ತದೆ. ಮಾರ್ಕಿ ದ್ರಾವಣದಲ್ಲಿ ಗಂಧಕಾಮ್ಲ ಮತ್ತು ಫಾರ್ಮಾಲ್ಡಿಹೈಡ್ ಇರುತ್ತವೆ. ಹೆರಾಯಿನ್, ಮಾರ್ಫಿನ್ ಸೋಕಿದರೆ ಅದು ನೇರಳೆಯಾಗುತ್ತದೆ, ಆಂಫೆಟಮಿನ್ ಜಾತಿಯವು ಸೋಕಿದರೆ ಕಿತ್ತಳೆ ಕಂದು, ಎಂಡಿಎಂಎಗೆ ಕಪ್ಪಿಗೆ ತಿರುಗುವ ನೇರಳೆ. ಆದರೆ ಅದೇ ದ್ರಾವಣ ಆಸ್ಪಿರಿನ್‌ಗೂ ಕೆಂಪಾಗುತ್ತದೆ, ಸಕ್ಕರೆಗೂ ಕಂದಾಗುತ್ತದೆ. ಕೊಕೇನ್‌ಗೆ ಬಳಸುವ ಕೋಬಾಲ್ಟ್ ಥಯೋಸಯನೇಟ್ ನೀಲಿಯಾಗುತ್ತದೆ. ಅಲರ್ಜಿ ಮಾತ್ರೆಯ ಡೈಫೆನ್‌ಹೈಡ್ರಮಿನ್ ಹಾಕಿದರೂ ನೀಲಿಯಾಗುತ್ತದೆ. ಬಣ್ಣ ಬರಲು ಅಣುವಿನ ಯಾವುದೋ ಒಂದು ತುಂಡು ಸಾಕು. ಆ ತುಂಡು ಔಷಧಿಯಲ್ಲೂ ಇರುತ್ತದೆ, ಅಡುಗೆಮನೆಯಲ್ಲೂ ಇರುತ್ತದೆ.

2015ರಲ್ಲಿ ಅಮೆರಿಕದ ಒರ್ಲ್ಯಾಂಡೊದಲ್ಲಿ ಒಬ್ಬರ ಕಾರಿನೊಳಗೆ ಬಿದ್ದಿದ್ದ ಬಿಳಿ ಚೂರುಗಳಿಗೆ ಪೊಲೀಸರ ಕಿಟ್ ‘ಮೆಥ್’ ಎಂದಿತು. ಅವರನ್ನು ಬಂಧಿಸಿದರು. ಲ್ಯಾಬ್ ಪರೀಕ್ಷಿಸಿದಾಗ ಮಾದಕ ವಸ್ತುವೇ ಇರಲಿಲ್ಲ. ಆ ಚೂರುಗಳು ಡೋನಟ್ ಮೇಲಿನ ಸಕ್ಕರೆ ಲೇಪ. ಹ್ಯೂಸ್ಟನ್ ನಗರದಲ್ಲಿ ಇಂಥ ತಪ್ಪುಗಳು ಸಾಲುಸಾಲಾಗಿ ಬಯಲಾದ ಮೇಲೆ 2017ರಲ್ಲಿ ಅಲ್ಲಿನ ಪೊಲೀಸರು ಈ ಕಿಟ್‌ಗಳ ಬಳಕೆಯನ್ನೇ ನಿಲ್ಲಿಸಿದರು. ‘ಕಿಟ್‌ನಲ್ಲಿ ಪಾಸಿಟಿವ್’ ಎಂಬ ಸುದ್ದಿ ಓದಿದಾಗ ಲ್ಯಾಬಿನ ಕೆಲಸ ಇನ್ನೂ ಶುರುವಾಗಿಲ್ಲ ಎಂದು ಅರ್ಥ ಮಾಡಿಕೊಳ್ಳಬೇಕು.

3. ತಪ್ಪು ಕಲ್ಪನೆ: ಲ್ಯಾಬಿನಲ್ಲಿ ಒಂದು ಯಂತ್ರವಿದೆ, ಪುಡಿ ಹಾಕಿದರೆ ಹೆಸರು ಬರುತ್ತದೆ.

ವಾಸ್ತವ: ಬೀದಿಯಲ್ಲಿ ಸಿಗುವ ಪುಡಿ ಒಂದೇ ವಸ್ತುವಲ್ಲ, ಬೆರಕೆ. ಮೊದಲು ಅದನ್ನು ಬಿಡಿಸಬೇಕು, ಆಮೇಲೆ ಒಂದೊಂದನ್ನೂ ಗುರುತಿಸಬೇಕು. ಶಾಲೆಯಲ್ಲಿ ಸೀಮೆಸುಣ್ಣದ ಮೇಲೆ ಶಾಯಿಯ ಬೊಟ್ಟಿಟ್ಟು ನೀರಿನಲ್ಲಿ ನಿಲ್ಲಿಸಿದವರಿಗೆ ಬಣ್ಣಗಳು ಬೇರೆಬೇರೆ ಎತ್ತರಕ್ಕೆ ಏರಿದ್ದು ನೆನಪಿರಬಹುದು. ಕ್ರೊಮಟೋಗ್ರಫಿಯ ತತ್ವ ಅದೇ. ಲ್ಯಾಬುಗಳು ಇವತ್ತಿಗೂ ತೆಳು ಪದರದ ಕ್ರೊಮಟೋಗ್ರಫಿಯನ್ನು, ಅಂದರೆ ಟಿಎಲ್‌ಸಿಯನ್ನು, ಬಳಸುತ್ತವೆ. ಖರ್ಚು ಕಡಿಮೆ, ಒಂದೇ ತಟ್ಟೆಯಲ್ಲಿ ಹಲವು ಮಾದರಿಗಳನ್ನು ಅಕ್ಕಪಕ್ಕ ಓಡಿಸಬಹುದು.

ಇನ್ನು ಹೆಸರುವಾಸಿಯಾದ ಜಿಸಿ-ಎಂಎಸ್, ಅಂದರೆ ಗ್ಯಾಸ್ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿ ಜೋಡಿಸಿದ ಯಂತ್ರ. ಪುಡಿಯನ್ನು ದ್ರಾವಕದಲ್ಲಿ ಕರಗಿಸಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾವಿನ ಬಾಯಿಗೆ ಒಂದು ಮೈಕ್ರೊಲೀಟರ್‌ನಷ್ಟು ಚುಚ್ಚುತ್ತಾರೆ. ಆವಿಯಾದದ್ದನ್ನು ಹೀಲಿಯಂ ಅನಿಲ ಸಾಮಾನ್ಯವಾಗಿ ಮೂವತ್ತು ಮೀಟರ್ ಉದ್ದದ, ಕೂದಲಿನಷ್ಟು ಸಣ್ಣ ರಂಧ್ರದ ಕೊಳವೆಯೊಳಗೆ ತಳ್ಳಿಕೊಂಡು ಹೋಗುತ್ತದೆ. ಕೆಫೀನ್ ಒಂದು ಹೊತ್ತಿಗೆ ಹೊರಬಿದ್ದರೆ ಹೆರಾಯಿನ್ ಇನ್ನೊಂದು ಹೊತ್ತಿಗೆ. ಹೊರಬಿದ್ದ ಅಣುಗಳ ಮೇಲೆ ಎಲೆಕ್ಟ್ರಾನ್ ದಾಳಿ ನಡೆಯುತ್ತದೆ. ಅವು ಒಡೆದು ಚೂರಾಗುತ್ತವೆ. ಆ ಚೂರುಗಳ ತೂಕದ ಪಟ್ಟಿಯೇ ಆ ವಸ್ತುವಿನ ಗುರುತು. ಕೊಕೇನ್ ಆದರೆ 303, 182, 82. ಹೆರಾಯಿನ್ ಆದರೆ 369, 327, 268. ಇದನ್ನು ಲ್ಯಾಬಿನಲ್ಲೇ ಇರುವ ಪ್ರಮಾಣಿತ ಶುದ್ಧ ಮಾದರಿಯೊಂದಿಗೆ ಹೋಲಿಸಬೇಕು. ಹೊರಬಂದ ಸಮಯವೂ ಚೂರುಗಳ ಪಟ್ಟಿಯೂ ಎರಡೂ ಕೂಡಿ ಬಂದರೆ ಮಾತ್ರ ಹೆಸರು ಬರೆಯುತ್ತಾರೆ.

ಆದರೂ ಒಂದೇ ಸಾಕ್ಷಿಯನ್ನು ನಂಬುವ ಹಾಗಿಲ್ಲ. ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಸ್ವಿಗ್‌ಡ್ರಗ್ ಎಂಬ ತಜ್ಞರ ಗುಂಪು ವಿಧಾನಗಳನ್ನು ಮೂರು ದರ್ಜೆಗೆ ವಿಂಗಡಿಸಿದೆ. ಅಣುರಚನೆಯನ್ನೇ ತೋರಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿ, ಇನ್‌ಫ್ರಾರೆಡ್, ಎನ್‌ಎಂಆರ್, ರಾಮನ್ ಮೊದಲ ದರ್ಜೆ. ಬೇರ್ಪಡಿಸುವ ಕ್ರೊಮಟೋಗ್ರಫಿ ಎರಡನೆಯದು. ಬಣ್ಣದ ಪರೀಕ್ಷೆ ಮೂರನೆಯದು. ಮೊದಲ ದರ್ಜೆಯ ವಿಧಾನ ಬಳಸಿದರೂ ಅದರ ಜೊತೆಗೆ ಕಡೇ ಪಕ್ಷ ಇನ್ನೊಂದು ಸ್ವತಂತ್ರ ವಿಧಾನ ಬೇಕೇ ಬೇಕು.

4. ತಪ್ಪು ಕಲ್ಪನೆ: ದುಬಾರಿ ಯಂತ್ರ ಎಂದೂ ತಪ್ಪುವುದಿಲ್ಲ.

ವಾಸ್ತವ: ಪ್ರತಿ ಯಂತ್ರಕ್ಕೂ ಕುರುಡು ಜಾಗವಿದೆ. ಜಿಸಿಯ ಕಾವಿಗೆ ಕೆಲವು ವಸ್ತುಗಳು ಒಳಗೇ ಮಾರ್ಪಡುತ್ತವೆ. ಹಸಿ ಗಾಂಜಾದಲ್ಲಿ ಹೆಚ್ಚಾಗಿರುವುದು ಟಿಎಚ್‌ಸಿ ಆಮ್ಲ. ಕಾವು ತಾಗಿದೊಡನೆ ಅದು ಅಮಲೇರಿಸುವ ಟಿಎಚ್‌ಸಿ ಆಗಿಬಿಡುತ್ತದೆ. ಮ್ಯಾಜಿಕ್ ಮಶ್ರೂಮ್‌ನ ಸೈಲೊಸೈಬಿನ್ ಯಂತ್ರದಲ್ಲಿ ಸೈಲೊಸಿನ್ ಆಗಿ ಕಾಣಿಸುತ್ತದೆ. ಎಲ್‌ಎಸ್‌ಡಿ ಒಂದು ಕಾಗದದ ಚೂರಿನಲ್ಲಿ ಮೈಕ್ರೊಗ್ರಾಂ ಲೆಕ್ಕದಲ್ಲಿರುತ್ತದೆ, ಬೆಳಕು ಮತ್ತು ಕಾವಿಗೆ ಕೆಡುತ್ತದೆ. ಇಂಥವಕ್ಕೆ ದ್ರವದಲ್ಲೇ ಬೇರ್ಪಡಿಸುವ ಎಚ್‌ಪಿಎಲ್‌ಸಿ ಅಥವಾ ಎಲ್‌ಸಿ-ಎಂಎಸ್ ವಾಸಿ.

ಮುಂಬೈ ದೆಹಲಿಗಳಲ್ಲಿ ‘ಎಂಡಿ’, ‘ಮ್ಯಾಂವ್ ಮ್ಯಾಂವ್’ ಎಂದು ಕರೆಯುವ ಮೆಫೆಡ್ರೋನ್ ಇನ್ನೊಂದು ತೊಡಕು ತರುತ್ತದೆ. ಅದರ ಬೆಂಜೀನ್ ಉಂಗುರದ ಮೇಲೆ ಒಂದು ಮೀಥೈಲ್ ಗುಂಪು ನಾಲ್ಕನೆಯ ಸ್ಥಾನದಲ್ಲಿದೆ. ಅದೇ ಗುಂಪು ಮೂರನೆಯ ಅಥವಾ ಎರಡನೆಯ ಸ್ಥಾನಕ್ಕೆ ಸರಿದರೆ ಅದು ಬೇರೆಯೇ ವಸ್ತು. ಆದರೆ ಮಾಸ್ ಸ್ಪೆಕ್ಟ್ರೊಮೀಟರ್ ಕಣ್ಣಿಗೆ ಮೂರೂ ಹೆಚ್ಚುಕಡಿಮೆ ಒಂದೇ. ಕಾನೂನಿನ ಪಟ್ಟಿಯಲ್ಲಿ ವಸ್ತುಗಳು ಹೆಸರು ಹಿಡಿದು ಇರುವುದರಿಂದ ಈ ವ್ಯತ್ಯಾಸ ಒಬ್ಬನ ಜೈಲುವಾಸವನ್ನೇ ನಿರ್ಧರಿಸಬಹುದು. ಇನ್‌ಫ್ರಾರೆಡ್ ಸ್ಪೆಕ್ಟ್ರೊಮೆಟ್ರಿ (ಎಫ್‌ಟಿಐಆರ್) ಈ ಮೂರನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಕೈಯಲ್ಲಿ ಹಿಡಿಯುವ ರಾಮನ್ ಉಪಕರಣ ಪ್ಲಾಸ್ಟಿಕ್ ಚೀಲ ಬಿಚ್ಚದೆಯೇ ಒಳಗಿನದನ್ನು ಓದಬಲ್ಲದು; ಆದರೆ ಕಂದು ಹೆರಾಯಿನ್ ಲೇಸರ್ ಬೆಳಕಿಗೆ ತಾನೇ ಹೊಳೆದು ಓದನ್ನು ಮಸುಕಾಗಿಸುತ್ತದೆ. ಒಂದು ಯಂತ್ರಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ ಎಂಬ ಕಾರಣಕ್ಕೇ ಎರಡು ವಿಧಾನಗಳ ನಿಯಮ ಹುಟ್ಟಿದ್ದು.

5. ತಪ್ಪು ಕಲ್ಪನೆ: ಕಾನೂನಿನ ಪಟ್ಟಿಯಲ್ಲಿಲ್ಲದ ಹೊಸ ಡ್ರಗ್ಸ್ ಲ್ಯಾಬಿಗೂ ಗೊತ್ತಾಗುವುದಿಲ್ಲ.

ವಾಸ್ತವ: ಗೊತ್ತಾಗುತ್ತದೆ, ತಡವಾಗಬಹುದು. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಗೆ (ಯುಎನ್‌ಒಡಿಸಿ) ಈವರೆಗೆ 1,200ಕ್ಕೂ ಹೆಚ್ಚು ಹೊಸ ಮಾದಕ ವಸ್ತುಗಳು ವರದಿಯಾಗಿವೆ. ಹೋಲಿಸಿ ನೋಡಲು ಶುದ್ಧ ಮಾದರಿ ಇಲ್ಲದಿದ್ದಾಗ ಎನ್‌ಎಂಆರ್‌ನಂಥ ಉಪಕರಣದಿಂದ ಅಣುವಿನ ರಚನೆಯನ್ನು ಮೊದಲಿನಿಂದ ಬಿಡಿಸಬೇಕಾಗುತ್ತದೆ. ವಸ್ತು ಯಾವುದೆಂದು ತಿಳಿದರೂ ಶಿಕ್ಷೆಗೆ ಅದು ಪಟ್ಟಿಯಲ್ಲಿರಬೇಕು. ಮೆಫೆಡ್ರೋನ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ನಮ್ಮ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿದ್ದು 2015ರಲ್ಲಿ. ಮಾರಾಟ ಅದಕ್ಕೂ ಮೊದಲೇ ಇತ್ತು.

6. ತಪ್ಪು ಕಲ್ಪನೆ: ಹಿಡಿದ ಮಾಲನ್ನೆಲ್ಲ ಪರೀಕ್ಷಿಸುತ್ತಾರೆ.

ವಾಸ್ತವ: 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಟಾಲ್ಕ್ ಕಲ್ಲಿನ ಹೆಸರಿನಲ್ಲಿ ಬಂದಿದ್ದ ಎರಡು ಕಂಟೇನರ್‌ಗಳಿಂದ 2,988 ಕಿಲೋ ಹೆರಾಯಿನ್ ಸಿಕ್ಕಿತು. ಮೂರು ಟನ್ ಪುಡಿಯನ್ನು ಯಾವ ಲ್ಯಾಬೂ ಪರೀಕ್ಷಿಸಲಾರದು, ಬೇಕಾಗಿಯೂ ಇಲ್ಲ. ಗಾತ್ರ, ತೂಕ, ಗುರುತು, ಕಿಟ್‌ನ ಬಣ್ಣ ಎಲ್ಲವೂ ಒಂದೇ ಆಗಿರುವ ಪೊಟ್ಟಣಗಳನ್ನು ಹತ್ತರಂತೆ ಗುಂಪು ಮಾಡಿ, ಗುಂಪಿಗೊಂದು ಮಾದರಿ ತೆಗೆಯಬಹುದು. ಗಾಂಜಾ ಮತ್ತು ಚರಸ್‌ಗೆ ನಲವತ್ತರ ಗುಂಪು. ಅಫೀಮು, ಗಾಂಜಾ, ಚರಸ್ ಆದರೆ ಮಾದರಿ 24 ಗ್ರಾಂ. ಉಳಿದವಕ್ಕೆ 5 ಗ್ರಾಂ. ಪ್ರತಿಯೊಂದೂ ಎರಡೆರಡು ಪ್ರತಿ. ಇವು ಕೇಂದ್ರ ಸರ್ಕಾರದ 1989ರ ಸ್ಥಾಯೀ ಆದೇಶದಲ್ಲಿದ್ದ ಲೆಕ್ಕಗಳು. 2022ರ ಡಿಸೆಂಬರ್‌ನ ಹೊಸ ನಿಯಮಗಳಲ್ಲೂ ಉಳಿದಿವೆ.

ಬದಲಾದದ್ದು ಮಾದರಿ ತೆಗೆಯುವ ಜಾಗ. ಹಿಂದೆ ಹಿಡಿದಲ್ಲೇ ತೆಗೆಯುವ ರೂಢಿಯಿತ್ತು. 2016ರಲ್ಲಿ ಮೋಹನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯ 52ಎ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರ ಎದುರೇ ಮಾದರಿ ತೆಗೆಯಬೇಕು ಎಂದಿತು. ಈಗಿನ ನಿಯಮವೂ ಅದನ್ನೇ ಹೇಳುತ್ತದೆ. ಮಾದರಿಯೇ ತಪ್ಪಾಗಿದ್ದರೆ ಕೋಟಿ ಬೆಲೆಯ ಯಂತ್ರವೂ ತಪ್ಪು ಪೊಟ್ಟಣದ ಬಗ್ಗೆ ಸರಿಯಾದ ಉತ್ತರ ಕೊಟ್ಟಂತಾಗುತ್ತದೆ.

7. ತಪ್ಪು ಕಲ್ಪನೆ: ಪುಡಿಯಲ್ಲಿ ಎಷ್ಟು ಶುದ್ಧ ಡ್ರಗ್ಸ್ ಇದೆಯೋ ಅಷ್ಟಕ್ಕೇ ಶಿಕ್ಷೆ.

ವಾಸ್ತವ: ಒಂದು ಕಾಲಕ್ಕೆ ಇದು ನಿಜವಾಗಿತ್ತು. 2008ರ ಮೈಕಲ್ ರಾಜ್ ತೀರ್ಪು ಬೆರಕೆಯನ್ನು ಕಳೆದು ಶುದ್ಧ ಅಂಶವನ್ನಷ್ಟೇ ಲೆಕ್ಕ ಹಿಡಿಯಬೇಕು ಎಂದಿತ್ತು. 2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಅದನ್ನು ತಳ್ಳಿಹಾಕಿತು: ಇಡೀ ಮಿಶ್ರಣದ ತೂಕವೇ ಲೆಕ್ಕ. ಹೆರಾಯಿನ್ 5 ಗ್ರಾಂಗಿಂತ ಕಡಿಮೆ ಇದ್ದರೆ ‘ಅಲ್ಪ ಪ್ರಮಾಣ’, 250 ಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’. 260 ಗ್ರಾಂ ಪುಡಿಯಲ್ಲಿ ಹೆರಾಯಿನ್ ಹತ್ತೇ ಗ್ರಾಂ ಇದ್ದರೂ ಈಗ ಅದು ವಾಣಿಜ್ಯ ಪ್ರಮಾಣ. ಕನಿಷ್ಠ ಹತ್ತು ವರ್ಷ ಶಿಕ್ಷೆ, ಜಾಮೀನು ಕಷ್ಟ. ಎಂಡಿಎಂಎಗೆ ವಾಣಿಜ್ಯ ಪ್ರಮಾಣ 10 ಗ್ರಾಂ, ಎಲ್‌ಎಸ್‌ಡಿಗೆ 0.1 ಗ್ರಾಂ, ಗಾಂಜಾಕ್ಕೆ 20 ಕಿಲೋ. ಲ್ಯಾಬುಗಳು ಶೇಕಡಾವಾರು ಅಳೆಯುವುದನ್ನು ಹಾಗೆಂದು ಬಿಟ್ಟಿಲ್ಲ. ಮಾರುಕಟ್ಟೆಗೆ ಏನು ಬರುತ್ತಿದೆ, ಯಾವುದು ದಿಢೀರನೆ ತೀವ್ರವಾಯಿತು ಎಂಬುದು ಆ ಅಂಕಿಯಿಂದಲೇ ತಿಳಿಯುವುದು.

8. ತಪ್ಪು ಕಲ್ಪನೆ: ಬೆರಕೆ ಎಂದರೆ ಗಾಜಿನ ಪುಡಿ, ಇಲಿ ಪಾಷಾಣ.

ವಾಸ್ತವ: ಮಾರುವವನಿಗೆ ಗಿರಾಕಿ ನಾಳೆಯೂ ಬರಬೇಕು. ಬೀದಿಯಲ್ಲಿ ‘ಸ್ಮ್ಯಾಕ್’ ಎಂದು ಮಾರುವ ಹೆರಾಯಿನ್‌ನಲ್ಲಿ ಲ್ಯಾಬುಗಳಿಗೆ ಸಾಮಾನ್ಯವಾಗಿ ಕಾಣುವುದು ಪ್ಯಾರಸಿಟಮಾಲ್ ಮತ್ತು ಕೆಫೀನ್. ಪ್ಯಾರಸಿಟಮಾಲ್ ಕಹಿ, ಅಗ್ಗ, ಸುಲಭವಾಗಿ ಸಿಗುತ್ತದೆ. ಕೆಫೀನ್ ಹೆರಾಯಿನ್ ಬೇಗ ಆವಿಯಾಗಲು ನೆರವಾಗುತ್ತದೆ. ಜೊತೆಗೆ ಅಫೀಮಿನಿಂದಲೇ ಬಂದ ನೊಸ್ಕಪಿನ್, ಪಪಾವೆರಿನ್, ಅಸಿಟೈಲ್‌ಕೊಡಿನ್ ಇರುತ್ತವೆ. ತೇವ ತಗುಲಿದ ಹೆರಾಯಿನ್ ಒಡೆದು 6-ಮೋನೊಅಸಿಟೈಲ್‌ಮಾರ್ಫಿನ್ ಆಗುತ್ತದೆ. ಕೊಕೇನ್‌ನಲ್ಲಿ ಜಗತ್ತಿನಾದ್ಯಂತ ಸಿಗುವ ಬೆರಕೆ ಲೆವಮಿಸೋಲ್. ಅದು ದನಕರುಗಳಿಗೆ ಕೊಡುವ ಜಂತುಹುಳುವಿನ ಔಷಧಿ, ಮನುಷ್ಯರಲ್ಲಿ ಬಿಳಿ ರಕ್ತಕಣಗಳನ್ನು ಕುಗ್ಗಿಸಬಲ್ಲದು. ಹಾಗೆಂದು ‘ಬೆರಕೆ ಮಾತ್ರ ಅಪಾಯ, ಶುದ್ಧವಾದರೆ ಸರಿ’ ಎಂಬ ಮಾತಿಗೂ ಆಧಾರವಿಲ್ಲ. ಇವತ್ತಿನ ಪೊಟ್ಟಣದಲ್ಲಿ ಶೇಕಡಾ ಎಷ್ಟಿದೆ ಎಂಬುದು ಕೊಳ್ಳುವವನಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಮಿತಿ ಮೀರಿ ಸಾಯುವವರಲ್ಲಿ ಅನೇಕರು ಸಾಯುವುದು ಈ ಕಾರಣಕ್ಕೆ.

9. ತಪ್ಪು ಕಲ್ಪನೆ: ಗಾಂಜಾ ಗಿಡದ ಯಾವ ಭಾಗ ಸಿಕ್ಕರೂ ಅದು ಗಾಂಜಾ.

ವಾಸ್ತವ: ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಗೆ ಬರುವುದಿಲ್ಲ. ಹೋಳಿ ಹಬ್ಬದಲ್ಲಿ ಠಂಡಾಯಿಗೆ ಬೆರೆಸುವ ಭಾಂಗ್ ಎಲೆಯಿಂದಾದದ್ದು. ಅದರ ನಿಯಂತ್ರಣ ರಾಜ್ಯಗಳ ಅಬಕಾರಿ ಕಾನೂನಿನ ಕೈಯಲ್ಲಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ ಭಾಂಗ್ ಈ ಕಾಯ್ದೆಯ ನಿಷೇಧದಲ್ಲಿ ಹೆಸರಿಸಲ್ಪಟ್ಟಿಲ್ಲ ಎಂಬುದನ್ನು ಎತ್ತಿ ಹೇಳಿತು. ಆದ್ದರಿಂದ ಸೊಪ್ಪಿನ ಮಾದರಿ ಬಂದಾಗ ಲ್ಯಾಬಿನಲ್ಲಿ ಮೊದಲ ಕೆಲಸ ಸೂಕ್ಷ್ಮದರ್ಶಕದ್ದು. ಎಲೆಯ ಮೇಲೆ ಕರಡಿಯ ಉಗುರಿನಂತೆ ಬಾಗಿದ ರೋಮಗಳು, ಅವುಗಳ ಬುಡದಲ್ಲಿ ಸುಣ್ಣದ ಕಣ, ಆಮ್ಲ ಹಾಕಿದರೆ ಏಳುವ ಗುಳ್ಳೆ, ಅಂಟು ಸೂಸುವ ಗ್ರಂಥಿಗಳು. ಆಮೇಲೆ ಡ್ಯೂಕೆನ್ವಾ-ಲೆವಿನ್ ಬಣ್ಣದ ಪರೀಕ್ಷೆ, ಕೊನೆಗೆ ಟಿಎಚ್‌ಸಿ. ‘ಹೈಡ್ರೊ ಗಾಂಜಾ’ದಲ್ಲೂ ಇರುವುದು ಇದೇ ಟಿಎಚ್‌ಸಿ, ನೀರಿನಲ್ಲಿ, ಮನೆಯೊಳಗೆ ಬೆಳೆಸಿದ ಆ ತಳಿಗಳಲ್ಲಿ ಪ್ರಮಾಣ ಹೆಚ್ಚು. ಹಿಡಿದಾಗ ಇದ್ದ ತೂಕ ಲ್ಯಾಬಿನಲ್ಲಿ ಕಡಿಮೆಯಾದರೆ ಕಳವೇ ಆಗಿರಬೇಕೆಂದಿಲ್ಲ. ಹಸಿ ಸೊಪ್ಪು ಒಣಗುತ್ತದೆ.

10. ತಪ್ಪು ಕಲ್ಪನೆ: ಎಫ್‌ಎಸ್‌ಎಲ್ ವರದಿ ಬಂದರೆ ಅಪರಾಧ ಸಾಬೀತು, ಅದರ ಮೇಲೆ ಮಾತಿಲ್ಲ.

ವಾಸ್ತವ: ವರದಿ ಉತ್ತರಿಸುವುದು ಎರಡೇ ಪ್ರಶ್ನೆಗೆ: ಈ ವಸ್ತು ಯಾವುದು, ಎಷ್ಟಿದೆ. ಅದು ಯಾರದು, ಅವನಿಗೆ ಗೊತ್ತಿತ್ತೇ, ಎಲ್ಲಿಂದ ಬಂತು ಎಂಬುದು ಬೇರೆ ಸಾಕ್ಷ್ಯದ ವಿಷಯ. ಸೇವಿಸಿದ್ದಾನೆಯೇ ಎಂಬುದಕ್ಕೆ ರಕ್ತ, ಮೂತ್ರ, ಕೂದಲು ಬೇಕು. ಅದು ಬೇರೆ ವಿಭಾಗ, ಬೇರೆ ವಿಧಾನ. 2020ರಲ್ಲಿ ಬೆಂಗಳೂರಿನ ಚಿತ್ರರಂಗದ ಡ್ರಗ್ಸ್ ಪ್ರಕರಣದಲ್ಲಿ ಕೂದಲಿನ ಮಾದರಿಗಳನ್ನು ಹೈದರಾಬಾದಿನ ಕೇಂದ್ರ ಪ್ರಯೋಗಾಲಯಕ್ಕೆ ಕಳಿಸಿದ್ದು ಇದಕ್ಕಾಗಿ. ಪತ್ರಿಕೆಯಲ್ಲಿ ಬರುವ ಕೋಟಿಗಳೂ ಲ್ಯಾಬಿನವಲ್ಲ. 2024ರ ಅಕ್ಟೋಬರ್‌ನಲ್ಲಿ ದೆಹಲಿಯ ಮಹಿಪಾಲಪುರದಲ್ಲಿ 560 ಕಿಲೋಗೂ ಹೆಚ್ಚು ಕೊಕೇನ್ ಸಿಕ್ಕಾಗ ಕೇಳಿಬಂದ 5,000 ಕೋಟಿ ರೂಪಾಯಿ ಪೊಲೀಸರು ಹಾಕಿದ ಮಾರುಕಟ್ಟೆ ಲೆಕ್ಕ.

ವರದಿಯನ್ನು ಪ್ರಶ್ನಿಸಲೂಬಹುದು. ವರದಿ ಕೈಸೇರಿದ 15 ದಿನದೊಳಗೆ ಮರುಪರೀಕ್ಷೆ ಕೋರಬೇಕು, ಅದಕ್ಕೆ ಗಟ್ಟಿ ಕಾರಣ ಕೊಡಬೇಕು ಎಂದು 2013ರ ಥಾನಾ ಸಿಂಗ್ ತೀರ್ಪು ಹೇಳಿದೆ. ಮಾದರಿ ತಲುಪಿದ 15 ದಿನದಲ್ಲಿ ವರದಿ ಕೊಡಬೇಕು ಎಂದು ಲ್ಯಾಬಿಗೂ 2022ರ ನಿಯಮ ಗಡುವು ಹಾಕಿದೆ. ಲ್ಯಾಬಿನವರೂ ತಪ್ಪು ಮಾಡುತ್ತಾರೆ, ಕೆಲವೊಮ್ಮೆ ಮೋಸವನ್ನೂ. ಅಮೆರಿಕದ ಬೋಸ್ಟನ್‌ನಲ್ಲಿ ಆನಿ ಡೂಖನ್ ಎಂಬ ರಸಾಯನ ತಜ್ಞೆ ಪರೀಕ್ಷೆಯನ್ನೇ ಮಾಡದೆ ಫಲಿತಾಂಶ ಬರೆದದ್ದು 2012ರಲ್ಲಿ ಹೊರಬಿತ್ತು. 2017ರಲ್ಲಿ ಅಲ್ಲಿನ ನ್ಯಾಯಾಲಯ 21,000ಕ್ಕೂ ಹೆಚ್ಚು ಪ್ರಕರಣಗಳನ್ನು ವಜಾ ಮಾಡಬೇಕಾಯಿತು. ಯಂತ್ರಗಳು ಅಲ್ಲೂ ಚೆನ್ನಾಗಿಯೇ ಇದ್ದವು.

ಈ ಹತ್ತರ ಸಾರ ಇಷ್ಟು: ಪ್ರಯೋಗಾಲಯದ ಉತ್ತರ ಚಿಕ್ಕದು. ಪೊಟ್ಟಣ ಕೈಯಿಂದ ಕೈಗೆ ಸರಿಯಾಗಿ ದಾಟಿ ಬಂದಿದ್ದರೆ, ಎರಡು ವಿಧಾನಗಳು ಒಂದೇ ಮಾತು ಹೇಳಿದರೆ, ಆ ಚಿಕ್ಕ ಉತ್ತರ ಗಟ್ಟಿ. ಯಾರ ಕೈಗಾದರೂ ಇಂಥ ವರದಿ ಬಂದರೆ ಐದು ವಿಷಯ ನೋಡಬೇಕು: ಲ್ಯಾಬಿಗೆ ಬಂದಾಗ ಮುದ್ರೆ ಹಾಗೇ ಇತ್ತೇ, ಮಾದರಿ ಮೇಲಿನ ಮುದ್ರೆಯ ಗುರುತು ಕಾಗದದಲ್ಲಿರುವುದಕ್ಕೆ ಹೊಂದುತ್ತದೆಯೇ, ತೂಕ ಎಷ್ಟು ಬರೆದಿದ್ದಾರೆ, ಯಾವ ಯಾವ ವಿಧಾನ ಬಳಸಿದರು, ತಲುಪಿದ ದಿನ ಮತ್ತು ವರದಿಯ ದಿನ ಯಾವುದು. ಮುಖರ್ಜಿ ನಗರದಲ್ಲಿ ಓದಿ ನಾಳೆ ಅಧಿಕಾರಿಗಳಾಗುವವರು ಇದೇ ಐದನ್ನು ಪೊಟ್ಟಣಕ್ಕೆ ಅರಗು ಒತ್ತುವ ಮೊದಲೇ ನೆನೆಯಲಿ. ಇನ್ನು ಚಟಕ್ಕೆ ಸಿಕ್ಕಿದವರಿಗೆ ಬೇಕಾದದ್ದು ಲ್ಯಾಬಲ್ಲ, ಚಿಕಿತ್ಸೆ. ಅದಕ್ಕೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446.